ರಾತ್ರಿ ಎರಡು ಗಂಟೆಯ 78 ಕಿಲೋವ್ಯಾಟ್: ವಿನ್ಯಾಸದ ಲೆಕ್ಕ ಮೀರಿದ ಕಚೇರಿ ಕಟ್ಟಡವೊಂದರ ಪ್ರಕರಣ ಅಧ್ಯಯನ

ಆರು ಅಂತಸ್ತಿನ ಕಚೇರಿ ಕಟ್ಟಡ. ಒಟ್ಟು ವಿಸ್ತೀರ್ಣ 10,000 ಚದರ ಮೀಟರ್. ಅದರಲ್ಲಿ ಜನ ಕೂತು ಕೆಲಸ ಮಾಡುವ ಜಾಗ 7,000. ತಂಪು, ಬಿಸಿ, ಗಾಳಿ, ಬೆಳಕು ಎಲ್ಲವೂ ವಿದ್ಯುತ್ತಿನಿಂದಲೇ. ವರ್ಷಕ್ಕೆ 8.8 ಲಕ್ಷ ಯೂನಿಟ್ (ಒಂದು ಕಿಲೋವ್ಯಾಟ್ ಲೋಡ್ ಒಂದು ಗಂಟೆ ನಡೆದರೆ ಒಂದು ಯೂನಿಟ್), ಅಂದರೆ ಚದರ ಮೀಟರಿಗೆ 88 ಯೂನಿಟ್ ಸಾಕೆಂದು ವಿನ್ಯಾಸದ ಹಂತದ ಕಂಪ್ಯೂಟರ್ ಲೆಕ್ಕ (ಸಿಮ್ಯುಲೇಷನ್) ಹೇಳಿತ್ತು. ಜನ ತುಂಬಿದ ಮೇಲೆ ಮೊದಲ ಪೂರ್ಣ ವರ್ಷದಲ್ಲಿ ಮುಖ್ಯ ಮೀಟರು ತೋರಿಸಿದ್ದು 17.8 ಲಕ್ಷ. ಹೆಚ್ಚಾದ 9 ಲಕ್ಷ ಯೂನಿಟ್ ಎಲ್ಲಿ ಹೋಯಿತು ಎಂಬುದೇ ಈ ಪ್ರಕರಣ.

ಇದು ಮಾದರಿ ಪ್ರಕರಣ. ಯಾವುದೋ ಒಂದು ಕಟ್ಟಡದ ದಾಖಲೆಯಲ್ಲ. ಇಂಥ ಕಟ್ಟಡಗಳಲ್ಲಿ ಮತ್ತೆ ಮತ್ತೆ ಸಿಗುವ ದೋಷಗಳನ್ನು ಒಂದೇ ಸೂರಿನಡಿ ಇಟ್ಟು, ಲೆಕ್ಕ ಹೇಗೆ ಕೂಡುತ್ತದೆ ಎಂದು ತೋರಿಸಲು ಅಂಕಿಗಳನ್ನು ಕೊಟ್ಟಿದೆ. ದೋಷಗಳೂ ಅವುಗಳ ಹಿಂದಿನ ಭೌತಶಾಸ್ತ್ರವೂ ನಿಜವಾದವು.

88 ಎಂಬ ಸಂಖ್ಯೆ ಯಾವುದರ ಉತ್ತರ?

ತನಿಖೆ ಶುರುವಾಗಬೇಕಾದದ್ದು ಯಂತ್ರದ ಕೋಣೆಯಲ್ಲಲ್ಲ, ಆ ಸಿಮ್ಯುಲೇಷನ್ ವರದಿಯಲ್ಲಿ. ಅನುಮತಿಗಾಗಿ ಮಾಡುವ ಲೆಕ್ಕ ಕೇಳುವ ಪ್ರಶ್ನೆಯೇ ಬೇರೆ: ಒಂದೇ ಬಳಕೆ, ಒಂದೇ ಹವಾಮಾನ, ಒಂದೇ ವೇಳಾಪಟ್ಟಿ ಇಟ್ಟುಕೊಂಡರೆ ಈ ಕಟ್ಟಡ ನಿಯಮದ ಆಧಾರ ಕಟ್ಟಡಕ್ಕಿಂತ (ಹೋಲಿಕೆಗೆಂದು ನಿಯಮ ಕಲ್ಪಿಸಿಕೊಂಡ ಕಟ್ಟಡ) ಉತ್ತಮವೇ? ಹೋಲಿಕೆಗೆ ಇದು ಸರಿಯಾದ ಪ್ರಶ್ನೆ. ಆದರೆ ಮುಂದಿನ ವರ್ಷ ಬಿಲ್ ಎಷ್ಟು ಬರುತ್ತದೆ ಎಂಬುದಕ್ಕೆ ಇದು ಉತ್ತರವಲ್ಲ. ಬ್ರಿಟನ್ನಿನ ನಿಯಮದ ಲೆಕ್ಕದಲ್ಲಿ ಪ್ಲಗ್ಗಿಗೆ ಹಾಕುವ ಉಪಕರಣ, ಲಿಫ್ಟ್, ಹೊರಾಂಗಣದ ದೀಪ ಇವೆಲ್ಲ ನಿಯಂತ್ರಣಕ್ಕೆ ಒಳಪಡದ ಬಳಕೆಯೆಂದು ಹೊರಗುಳಿಯುತ್ತವೆ. ಈ ಗೊಂದಲ ನೀಗಿಸಲೆಂದೇ ಅಲ್ಲಿ 2013ರಲ್ಲಿ ಟಿಎಂ54 ಎಂಬ ಮಾರ್ಗದರ್ಶಿ ಬಂತು: ನಿಜವಾದ ವೇಳಾಪಟ್ಟಿ, ನಿಜವಾದ ಉಪಕರಣ, ನಿಜವಾದ ನಿರ್ವಹಣೆ ಹಾಕಿ ಬೇರೆಯೇ ಒಂದು ಮುನ್ನಂದಾಜು ಮಾಡಿ, ಒಂದೇ ಸಂಖ್ಯೆ ಕೊಡದೆ ಕನಿಷ್ಠದಿಂದ ಗರಿಷ್ಠದವರೆಗೆ ಕೊಡಿ ಎನ್ನುವುದು ಅದರ ಸಾರ.

ನಮ್ಮ ಪ್ರಕರಣದ ವರದಿಯ ಊಹೆಗಳು ಹೀಗಿದ್ದವು. ದಿನಕ್ಕೆ 11 ಗಂಟೆ, ವರ್ಷಕ್ಕೆ 250 ದಿನ, ಒಟ್ಟು 2,750 ಗಂಟೆ ಕಟ್ಟಡ ನಡೆಯುತ್ತದೆ. ಪ್ಲಗ್ ಉಪಕರಣ ಚದರ ಮೀಟರಿಗೆ 8 ವ್ಯಾಟ್. ಸಂಜೆ ಎಲ್ಲ ಆಫ್. ಬೆಳಕು 6 ವ್ಯಾಟ್, ಸೆನ್ಸರುಗಳಿಂದ ಅದರಲ್ಲಿ ಶೇ. 30 ಉಳಿತಾಯ. ಆರು ಗಾಳಿ ಯಂತ್ರಗಳು (ಎಎಚ್‌ಯು) ಸರಾಸರಿ ಶೇ. 70ರ ವೇಗದಲ್ಲಿ. ಸರ್ವರ್ ಕೋಣೆಯ ಸುದ್ದಿಯೇ ಇಲ್ಲ, ಯಾಕೆಂದರೆ ಆಗ ಬಾಡಿಗೆದಾರರೇ ಗೊತ್ತಿರಲಿಲ್ಲ.

ಈ ಊಹೆಗಳಲ್ಲಿ ಯಾವುದೂ ಮೋಸವಲ್ಲ. ಆದರೆ ವರ್ಷದಲ್ಲಿ 8,760 ಗಂಟೆಗಳಿವೆ. ಅದರಲ್ಲಿ 2,750 ಕಳೆದರೆ 6,010 ಗಂಟೆ ಕಟ್ಟಡ ಖಾಲಿ. ಹತ್ತಿರ ಹತ್ತಿರ ಶೇ. 69. ವರದಿಯಲ್ಲಿ ಈ 6,010 ಗಂಟೆಗಳಿಗೆ ಇದ್ದದ್ದು ಬರೀ 4 ಕಿಲೋವ್ಯಾಟ್. ಜನ ಇರುವಾಗ ಏನಾಗುತ್ತದೆ ಎಂಬುದರ ಮೇಲೆ ವಿನ್ಯಾಸಕಾರರ ಗಮನವೆಲ್ಲ ಹೋಗಿತ್ತು. ಜನ ಇಲ್ಲದಾಗ ಏನು ನಡೆಯುತ್ತದೆ ಎಂದು ಯಾರೂ ಕೇಳಿರಲಿಲ್ಲ.

ಮೊದಲು ಮೀಟರನ್ನೇ ಪರೀಕ್ಷಿಸಬೇಕು

ಮುಖ್ಯ ಮೀಟರಿನಿಂದ ಅರ್ಧ ಗಂಟೆಗೊಂದರಂತೆ ದಿನಕ್ಕೆ 48, ವರ್ಷಕ್ಕೆ 17,520 ಅಳತೆಗಳು ಸಿಗುತ್ತವೆ. ಇಡೀ ತನಿಖೆಗೆ ಇದಕ್ಕಿಂತ ಬೆಲೆಬಾಳುವ ಸಾಮಗ್ರಿ ಬೇರೆ ಇಲ್ಲ. ತಿಂಗಳ ಬಿಲ್ಲಿನಿಂದ ಎಷ್ಟು ಎಂಬುದಷ್ಟೇ ತಿಳಿಯುತ್ತದೆ. ಯಾವಾಗ ಎಂಬುದು ತಿಳಿಯಬೇಕಾದರೆ ಈ ಅಳತೆಗಳೇ ಬೇಕು.

ಅಂತಸ್ತಿಗೊಂದರಂತೆ ಹಾಕಿದ್ದ ಉಪಮೀಟರುಗಳ ಮೊತ್ತ ಮುಖ್ಯ ಮೀಟರಿಗೆ ತಾಳೆಯಾಗಲಿಲ್ಲ. ವ್ಯತ್ಯಾಸ ಶೇ. 5 ದಾಟಿದರೆ ಮುಂದೆ ಹೋಗದೆ ಅಲ್ಲೇ ನಿಲ್ಲಬೇಕು. ತಂತಿಯ ಸುತ್ತ ಹಿಡಿದು ಕರೆಂಟ್ ಅಳೆಯುವ ಕ್ಲ್ಯಾಂಪ್ ಮೀಟರಿನಿಂದ ಪ್ಯಾನೆಲ್ಲಿನಿಂದ ಪ್ಯಾನೆಲ್ಲಿಗೆ ನೋಡುತ್ತಾ ಹೋದಾಗ ನಾಲ್ಕನೆಯ ಅಂತಸ್ತಿನ ಉಪಮೀಟರು ನಿಜದ ಮೂರನೇ ಒಂದು ಭಾಗ ಮಾತ್ರ ತೋರಿಸುತ್ತಿರುವುದು ಕಂಡಿತು. ಈ ಮೂರನೇ ಒಂದು ಎಂಬುದೇ ರೋಗಲಕ್ಷಣ. ದೊಡ್ಡ ಕರೆಂಟನ್ನು ಮೀಟರಿಗೆ ತಕ್ಕಂತೆ ಇಳಿಸಿ ಕೊಡುವ ಮೂರು ಫೇಸಿನ ಕರೆಂಟ್ ಟ್ರಾನ್ಸ್‌ಫಾರ್ಮರುಗಳಲ್ಲಿ ಒಂದನ್ನು ತಿರುಗಿಸಿ ಹಾಕಿದ್ದರೆ ಒಂದು ಫೇಸ್ ಕೂಡುವ ಬದಲು ಕಳೆಯುತ್ತದೆ: 1 + 1 − 1 = 1, ಮೂರರ ಬದಲು ಒಂದು. ಒಂದು ಫೇಸ್ ಸಂಪರ್ಕವೇ ಇಲ್ಲದಿದ್ದರೆ ಮೂರನೇ ಎರಡು. 200 ಆಂಪಿಯರನ್ನು 5ಕ್ಕೆ ಇಳಿಸುವ 200/5ರ ಟ್ರಾನ್ಸ್‌ಫಾರ್ಮರಿಗೆ ಮೀಟರಿನಲ್ಲಿ 100/5 ಎಂದು ತುಂಬಿದ್ದರೆ ಸರಿಯಾಗಿ ಅರ್ಧ. ಹೀಗೆ ಓದು ಎಷ್ಟು ಪಾಲು ತಪ್ಪಿದೆ ಎಂಬುದರಿಂದಲೇ ದೋಷ ಯಾವುದೆಂದು ಬಹುಪಾಲು ಊಹಿಸಬಹುದು. ಕಟ್ಟಡ ಹಸ್ತಾಂತರದ ದಿನ ಪ್ರತಿ ಮೀಟರಿಗೂ ಗೊತ್ತಿರುವ ಒಂದು ಲೋಡ್ ಹಾಕಿ ಈ ಪರೀಕ್ಷೆ ಮಾಡಿಬಿಟ್ಟರೆ ಅರ್ಧ ದಿನದ ಕೆಲಸ. ಮಾಡದೆ ಬಿಟ್ಟರೆ ವರ್ಷವಿಡೀ ಸುಳ್ಳು ದತ್ತಾಂಶ ಕೂಡಿಕೊಳ್ಳುತ್ತದೆ.

ರಾತ್ರಿಯ ನಡಿಗೆ

ಮೀಟರು ಸರಿಯಾದ ಮೇಲೆ ಮೊದಲು ನೋಡಿದ್ದು ರಾತ್ರಿ 12ರಿಂದ 4ರವರೆಗಿನ ರೇಖೆ. ಅದು 78 ಕಿಲೋವ್ಯಾಟಿನಲ್ಲಿ ಅಲುಗಾಡದೆ ನಿಂತಿತ್ತು, ಭಾನುವಾರವೂ ಸೇರಿ. ಇಡೀ ವರ್ಷದ ಸರಾಸರಿಯೇ 203 ಕಿಲೋವ್ಯಾಟ್ ಎಂದಮೇಲೆ ನರಪಿಳ್ಳೆಯೂ ಇಲ್ಲದ ಹೊತ್ತಿನ 78 ಸಣ್ಣದಲ್ಲ. 6,010 ಗಂಟೆಗೆ ಗುಣಿಸಿದರೆ 4.7 ಲಕ್ಷ ಯೂನಿಟ್: ವರ್ಷದ ಬಳಕೆಯ ನಾಲ್ಕನೇ ಒಂದಕ್ಕೂ ಮೇಲು.

ಒಂದು ಶನಿವಾರ ರಾತ್ರಿ ಕಟ್ಟಡ ಸುತ್ತಿ, ಪ್ರತಿ ವಿತರಣಾ ಪೆಟ್ಟಿಗೆಯಲ್ಲೂ ಕ್ಲ್ಯಾಂಪ್ ಹಾಕಿ ಪಾಲು ಮಾಡಿದಾಗ ಸಿಕ್ಕಿದ್ದು: ಸರ್ವರ್ ಕೋಣೆ, ಅದರ ತಂಪು ಸೇರಿ 28. ಮೇಜುಗಳ ಪ್ಲಗ್ಗುಗಳು 24.5. ಮೂರನೆಯ ಅಂತಸ್ತಿನ ಗಾಳಿ ಯಂತ್ರ 12. ಹೊರಗಿನ ದೀಪ 6. ಗುರುತು ಸಿಗದ ಚಿಲ್ಲರೆ ಸುಮಾರು 8. ಇಲ್ಲಿಂದ ಮುಂದೆ ಒಂದೊಂದನ್ನೇ ವರ್ಷದ ಲೆಕ್ಕಕ್ಕೆ ಹಿಗ್ಗಿಸಿ, ಹಗಲಿನ ದೋಷಗಳನ್ನೂ ಸೇರಿಸಿಕೊಂಡು 9 ಲಕ್ಷವನ್ನು ಬಿಡಿಸಬೇಕು.

ಲೆಕ್ಕಕ್ಕೇ ಬಾರದವು: 2.94 ಲಕ್ಷ

ಸರ್ವರ್ ಯಂತ್ರಗಳು 20 ಕಿಲೋವ್ಯಾಟ್. ವರ್ಷವಿಡೀ ನಡೆದರೆ 1,75,200 ಯೂನಿಟ್. ಅವುಗಳ ತಂಪಿಗೆ ಇನ್ನೂ ಶೇ. 40, ಅಂದರೆ 70,080. ಹೊರಾಂಗಣದ 6 ಕಿಲೋವ್ಯಾಟ್ ದೀಪ ವರ್ಷದ ಅರ್ಧ ಹೊತ್ತು ಉರಿದರೆ 26,280. ಲಿಫ್ಟುಗಳದು 22,000. (ಆ ರಾತ್ರಿ ಹೊರಗಿನ ದೀಪ ಎಲ್ಲವೂ ಉರಿಯುತ್ತಿದ್ದವು, ಅದು ಸರಿಯೇ.)

ಇದರಲ್ಲಿ ಬಹುಪಾಲು ಪೋಲಲ್ಲ, ಹೋಲಿಕೆಯ ತಪ್ಪು. ಇವನ್ನು ಬಿಟ್ಟು ಮಾಡಿದ ಲೆಕ್ಕವನ್ನು ಇವನ್ನೂ ಸೇರಿಸಿ ಓದುವ ಮೀಟರಿನ ಎದುರು ನಿಲ್ಲಿಸಿ, ಕಟ್ಟಡ ಕೆಟ್ಟದ್ದು ಎನ್ನುವುದು ಅನ್ಯಾಯ. ಇನ್ನೊಂದು ಕಡೆ, ಈ 2.94 ಲಕ್ಷವನ್ನು ತೋರಿಸಿ ಉಳಿದ 6 ಲಕ್ಷವನ್ನೂ ಬಳಕೆದಾರರ ತಲೆಗೆ ಕಟ್ಟುವುದೂ ಅಷ್ಟೇ ತಪ್ಪು. ಕಟ್ಟಡಗಳ ಇಂಧನ ಬಳಕೆಗೆ ನಕ್ಷತ್ರಗಳಲ್ಲಿ ಅಂಕ ಕೊಡುವ ಆಸ್ಟ್ರೇಲಿಯಾದ ನೇಬರ್ಸ್ ಪದ್ಧತಿ ಈ ಜಗಳವನ್ನು ಬುದ್ಧಿವಂತಿಕೆಯಿಂದ ಬಿಡಿಸಿದೆ: ಕಟ್ಟಡದ ಮೂಲ ಸೇವೆಗಳಿಗೆ ಒಂದು ಲೆಕ್ಕ, ಬಾಡಿಗೆದಾರರ ಬಳಕೆಗೆ ಇನ್ನೊಂದು, ಎರಡಕ್ಕೂ ಹನ್ನೆರಡು ತಿಂಗಳ ನಿಜವಾದ ಮೀಟರ್ ಓದೇ ಆಧಾರ. ಅಲ್ಲಿ ಕಟ್ಟುವ ಮೊದಲೇ ಇಂತಿಷ್ಟು ನಕ್ಷತ್ರ ಪಡೆದೇ ತೀರುತ್ತೇವೆ ಎಂದು ಒಪ್ಪಂದ ಮಾಡಿಕೊಳ್ಳುವ ದಾರಿಯೂ ಇದೆ. ಆಗ ಸಿಮ್ಯುಲೇಷನ್ ಮಾಡುವವರು ಅನುಮತಿಗಾಗಿ ಅಲ್ಲ, ಮೀಟರಿಗಾಗಿ ಲೆಕ್ಕ ಹಾಕಬೇಕಾಗುತ್ತದೆ. ಈ ಒಂದು ಬದಲಾವಣೆ ಹತ್ತು ತಾಂತ್ರಿಕ ಸುಧಾರಣೆಗಳಿಗೆ ಸಮ.

ಮೇಜಿನ ಮೇಲಿನವು: 1.66 ಲಕ್ಷ

ವರದಿಯ 8 ವ್ಯಾಟಿಗೆ ಹಗಲಿನಲ್ಲಿ ಸಿಕ್ಕಿದ್ದು 9. ಊಹೆ ಹೆಚ್ಚು ತಪ್ಪಿಲ್ಲ. ತಪ್ಪಿದ್ದು ರಾತ್ರಿಯದು: ಸೊನ್ನೆ ಎಂದುಕೊಂಡ ಕಡೆ ಚದರ ಮೀಟರಿಗೆ 3.5 ವ್ಯಾಟ್. 7,000 ಚದರ ಮೀಟರಿಗೆ ಹಗಲಿನದು 1,73,250, ರಾತ್ರಿಯದು 1,47,245. ಒಟ್ಟು 3.2 ಲಕ್ಷ, ವರದಿಯಲ್ಲಿದ್ದದ್ದು 1.54. ಸ್ಲೀಪ್‌ಗೆ ಹೋಗದ ಕಂಪ್ಯೂಟರುಗಳು, ಮಾನಿಟರುಗಳು, ಫೋಟೋಕಾಪಿ ಯಂತ್ರಗಳು, ರಾತ್ರಿಯಿಡೀ ನೀರು ಬಿಸಿ ಮಾಡುತ್ತಾ ಕೂತ ಯಂತ್ರಗಳು. ಒಂದೊಂದೂ ಸಣ್ಣದು. ಆದರೆ ಹಗಲಿನ ಒಂದು ವ್ಯಾಟ್ 2,750 ಗಂಟೆ ದುಡಿದರೆ ಖಾಲಿ ಹೊತ್ತಿನ ಒಂದು ವ್ಯಾಟ್ 6,010 ಗಂಟೆ ದುಡಿಯುತ್ತದೆ.

ಗಾಳಿ ಯಂತ್ರಗಳು: 1.75 ಲಕ್ಷ

ಇದು ಪ್ರಕರಣದ ಹೃದಯ, ಹಾಗಾಗಿ ಇಲ್ಲಿ ನಿಧಾನವಾಗಿ ನೋಡಬೇಕು.

ಫ್ಯಾನಿನ ವೇಗ ಅರ್ಧಕ್ಕಿಳಿದರೆ ಗಾಳಿ ಅರ್ಧವಾಗುತ್ತದೆ, ಆದರೆ ಎಳೆಯುವ ವಿದ್ಯುತ್ತು ಎಂಟನೇ ಒಂದಕ್ಕೆ ಇಳಿಯುತ್ತದೆ. ಶಕ್ತಿ ವೇಗದ ಘನಕ್ಕೆ ಅನುಪಾತ. ಪೂರ್ಣ ವೇಗದಲ್ಲಿ 12 ಕಿಲೋವ್ಯಾಟ್ ಎಳೆಯುವ ಫ್ಯಾನು ಶೇ. 70ರ ವೇಗದಲ್ಲಿ 4.1 ಎಳೆಯುತ್ತದೆ, ಶೇ. 85ರಲ್ಲಿ 7.4. ಗಾಳಿ ಸಾಗುವ ಕೊಳವೆಯಲ್ಲಿ (ಡಕ್ಟ್) ಒತ್ತಡವನ್ನು ಸ್ಥಿರವಾಗಿ ಹಿಡಿದಿಡುವ ವ್ಯವಸ್ಥೆಯಲ್ಲಿ ಈ ನಿಯಮ ಪೂರ್ತಿ ಹೊಂದುವುದಿಲ್ಲ, ಉಳಿತಾಯ ಸ್ವಲ್ಪ ಕಡಿಮೆ. ಆದರೂ ದಿಕ್ಕು ಅದೇ. ವೇಗದಲ್ಲಿ ಸಣ್ಣ ಏರಿಕೆ, ಬಿಲ್ಲಿನಲ್ಲಿ ದೊಡ್ಡ ಏರಿಕೆ.

ವರದಿಯ ಪ್ರಕಾರ ಆರು ಫ್ಯಾನುಗಳಿಗೆ ವರ್ಷಕ್ಕೆ 68 ಸಾವಿರ ಯೂನಿಟ್ ಸಾಕಿತ್ತು. ಮೂರನೆಯ ಅಂತಸ್ತಿನ ಯಂತ್ರವೊಂದೇ 1,05,120 ತಿಂದಿತ್ತು. ಅದರ ವೇಗ ಬದಲಿಸುವ ಡ್ರೈವಿನ (ವಿಎಫ್‌ಡಿ) ಸ್ವಿಚ್ಚು ಆಟೋ ಬದಲು ಹ್ಯಾಂಡ್‌ನಲ್ಲಿತ್ತು: ಪೂರ್ಣ ವೇಗ, 24 ಗಂಟೆ, 365 ದಿನ. ಕಾರಣ ಹುಡುಕಿದರೆ, ಯಂತ್ರಗಳನ್ನು ನಡೆಸಿ ಪರೀಕ್ಷಿಸುವ (ಕಮಿಷನಿಂಗ್) ಹೊತ್ತಿಗೆ ಡಕ್ಟಿನ ಒತ್ತಡದ ಸೆನ್ಸರಿಗೆ ವೈರು ಎಳೆದಿರಲಿಲ್ಲ. ಓದು ಬರದಿದ್ದರೆ ಡ್ರೈವು ನಡೆಯದು. ಹಸ್ತಾಂತರದ ದಿನ ಹತ್ತಿರ ಬಂದಿತ್ತು. ಸದ್ಯಕ್ಕೆಂದು ಹ್ಯಾಂಡ್‌ಗೆ ಹಾಕಿದರು. ಗಾಳಿ ಚೆನ್ನಾಗಿಯೇ ಬರುತ್ತಿದ್ದುದರಿಂದ ಯಾರೂ ದೂರಲಿಲ್ಲ. ಗಾಳಿ ಕಡಿಮೆಯಾದರೆ ಹತ್ತು ನಿಮಿಷದಲ್ಲಿ ಫೋನು ಬರುತ್ತದೆ; ಗಾಳಿ ಹೆಚ್ಚಾದರೆ ಯಾರ ಫೋನೂ ಬರುವುದಿಲ್ಲ. ಹಾಗಾಗಿ ಕಟ್ಟಡಗಳ ದೋಷಗಳು ಸದಾ ಹೆಚ್ಚು ಬಳಕೆಯ ಕಡೆಗೇ ವಾಲುತ್ತವೆ.

ಉಳಿದ ಐದು ಯಂತ್ರಗಳು ಆಟೋದಲ್ಲೇ ಇದ್ದವು. ಆದರೆ ಡಕ್ಟಿನ ಒತ್ತಡದ ಗುರಿ 250 ಪಾಸ್ಕಲ್ ಇದ್ದದ್ದನ್ನು ಯಾರೋ 400ಕ್ಕೆ ಏರಿಸಿದ್ದರು. ಐದನೆಯ ಅಂತಸ್ತಿನ ಮೂಲೆಯ ಒಂದು ಕೋಣೆಗೆ ಗಾಳಿ ಸಾಲುತ್ತಿಲ್ಲ ಎಂಬ ದೂರೇ ಅದರ ಮೂಲ. ಆ ಕೋಣೆಯ ಡಕ್ಟಿನಲ್ಲಿ ಬೆಂಕಿ ತಡೆಯುವ ಮುಚ್ಚಳ (ಡ್ಯಾಂಪರ್) ಅರ್ಧ ಮುಚ್ಚಿಕೊಂಡಿತ್ತು. ಡ್ಯಾಂಪರ್ ತೆರೆಯುವ ಬದಲು ಇಡೀ ಕಟ್ಟಡದ ಒತ್ತಡ ಏರಿತು. ಸೋಮವಾರ ಬೆಳಗ್ಗೆ ಸೆಕೆ ಎಂಬ ಇನ್ನೊಂದು ದೂರಿಗಾಗಿ ಚಾಲೂ ಆಗುವ ಹೊತ್ತು ಹಿಂದಕ್ಕೆ, ನಿಲ್ಲುವ ಹೊತ್ತು ಮುಂದಕ್ಕೆ ಹೋಗಿ, ದಿನಕ್ಕೆ 11 ಗಂಟೆಯ ಬದಲು 15 ಗಂಟೆ. ಸೋಮವಾರಕ್ಕೆಂದು ಮಾಡಿದ್ದು ಐದೂ ದಿನಕ್ಕೆ ಅಂಟಿಕೊಂಡಿತು. ಶೇ. 85ರ ವೇಗ, 3,750 ಗಂಟೆ: ಐದಕ್ಕೂ ಸೇರಿ 1,38,000.

ಬ್ರಿಟನ್ನಿನಲ್ಲಿ 1995ರಿಂದ 2002ರವರೆಗೆ ನಡೆದ ಪ್ರೋಬ್ ಸಮೀಕ್ಷೆಗಳು ಬಳಕೆಯಲ್ಲಿದ್ದ ಕಟ್ಟಡಗಳನ್ನು ಹೀಗೇ ಬಿಚ್ಚಿ ನೋಡಿದ್ದವು. ನಿಯಂತ್ರಣ ಜನಕ್ಕೆ ಅರ್ಥವಾಗದೆ ಹೋದಾಗ, ವ್ಯವಸ್ಥೆ ಕೈಕೊಟ್ಟಾಗ, ಯಂತ್ರಗಳು ಸುಮ್ಮನೆ ಆನ್ ಆಗಿಯೇ ಉಳಿದುಬಿಡುತ್ತವೆ ಎಂಬುದು ಅಲ್ಲಿ ಪದೇಪದೇ ಕಂಡ ಸಂಗತಿ.

ಬೆಳಕು: 87 ಸಾವಿರ

42 ಕಿಲೋವ್ಯಾಟಿನ ದೀಪಗಳು ವರ್ಷಕ್ಕೆ 4,200 ಗಂಟೆ, ಹೆಚ್ಚುಕಡಿಮೆ ಪೂರ್ಣ ಪ್ರಮಾಣದಲ್ಲಿ ಉರಿದಿದ್ದವು. ಜನರಿಲ್ಲದಾಗ ಆರಿಸುವ ಸೆನ್ಸರಿನ ಕಾಯುವ ಹೊತ್ತು ಕಾರ್ಖಾನೆಯಿಂದ ಬಂದ 30 ನಿಮಿಷದಲ್ಲೇ ಇತ್ತು. ಹಗಲ ಬೆಳಕು ನೋಡಿ ದೀಪ ಮಂಕು ಮಾಡುವ ಸೆನ್ಸರುಗಳನ್ನು ಹಾಕಿದ್ದರೇ ಹೊರತು ಪೀಠೋಪಕರಣ ಬಂದ ಮೇಲೆ ಹೊಂದಿಸಿರಲಿಲ್ಲ. ಸ್ವಚ್ಛತಾ ಸಿಬ್ಬಂದಿ ಒಂದು ಮೂಲೆ ಗುಡಿಸಲು ಸ್ವಿಚ್ಚು ಒತ್ತಿದರೆ ಇಡೀ ಅಂತಸ್ತು ಬೆಳಗುತ್ತಿತ್ತು, ಯಾಕೆಂದರೆ ಅಂತಸ್ತಿಗೆ ಒಂದೇ ವಲಯ.

ಚಿಲ್ಲರ್ ಕೋಣೆ: 1.78 ಲಕ್ಷ

ನೀರು ತಣಿಸುವ ಯಂತ್ರದಿಂದ (ಚಿಲ್ಲರ್) ತಂಪು ನೀರು 7 ಡಿಗ್ರಿಯಲ್ಲಿ ಹೋಗಿ 13ರಲ್ಲಿ ಮರಳಬೇಕಿತ್ತು. 10ರಲ್ಲೇ ಮರಳುತ್ತಿತ್ತು. ಸಾಗಿಸುವ ಶಾಖ ಹರಿವನ್ನೂ ತಾಪದ ವ್ಯತ್ಯಾಸವನ್ನೂ ಗುಣಿಸಿದಷ್ಟು: 500 ಕಿಲೋವ್ಯಾಟ್ ತಂಪಿಗೆ 6 ಡಿಗ್ರಿ ವ್ಯತ್ಯಾಸವಿದ್ದರೆ ಸೆಕೆಂಡಿಗೆ 20 ಲೀಟರ್ ಸಾಕು, 3 ಡಿಗ್ರಿಗೆ 40 ಲೀಟರ್ ಬೇಕು. ಚಿಲ್ಲರಿನ ಮೂಲಕ ಹೋಗುವ ಹರಿವಿಗಿಂತ ಕಟ್ಟಡ ಎಳೆಯುವ ಹರಿವು ಹೆಚ್ಚಾದಾಗ ಮರಳಿದ ನೀರು ಹೋಗುವ ನೀರಿಗೆ ಬೆರೆತು 7 ಇದ್ದದ್ದು 8, 9 ಆಗುತ್ತದೆ. ತಂಪು ಸಾಲದೆಂದು ಆಪರೇಟರ್ ಎರಡನೆಯ ಚಿಲ್ಲರ್ ಹಾಕುತ್ತಾನೆ. ನಿಜವಾಗಿ ಸಾಲದಿರುವುದು ತಂಪಲ್ಲ, ಹರಿವು. ಎರಡನೆಯ ಚಿಲ್ಲರಿನ ಜೊತೆ ಅದರ 11 ಕಿಲೋವ್ಯಾಟಿನ ಎರಡು ಪಂಪುಗಳೂ 3,750 ಗಂಟೆ ತಿರುಗಿದವು: 82,500 ಯೂನಿಟ್.

ವ್ಯತ್ಯಾಸ ಕುಗ್ಗಿದ್ದೇಕೆ? ಗಾಳಿ ಯಂತ್ರ ಹೊರಬಿಡುವ ಗಾಳಿಯ ಗುರಿಯನ್ನು 12 ಡಿಗ್ರಿಯಿಂದ 10ಕ್ಕೆ ಇಳಿಸಿದ್ದರು. ತಂಪು ನೀರು ಹರಿದು ಗಾಳಿ ತಣಿಸುವ ಕಾಯಿಲಿಗೆ ಅದು ನಿಲುಕದ್ದು. ವಾಲ್ವ್ ಪೂರ್ತಿ ತೆರೆದು ನಿಂತು, ನೀರು ಶಾಖ ಹೀರುವ ಮೊದಲೇ ಓಡುತ್ತಿತ್ತು. ಜೊತೆಗೆ ಪೈಪಿನ ಕೊನೆಯಲ್ಲಿ ಒಂದು ಬೈಪಾಸ್ ವಾಲ್ವನ್ನು ಕೊಳೆ ತೊಳೆಯಲು ತೆರೆದವರು ಮುಚ್ಚಿರಲಿಲ್ಲ.

ಸಭಾಕೋಣೆಗಳಲ್ಲಿ 22 ಡಿಗ್ರಿಗಿಂತ ಕೆಳಗೆ ಹೀಟರು, 22.5ರ ಮೇಲೆ ತಂಪು. ಅರ್ಧ ಡಿಗ್ರಿಯ ಅಂತರ ಸೆನ್ಸರಿನ ತಪ್ಪಿನೊಳಗೇ ಮುಗಿದುಹೋಗುತ್ತದೆ. ಪರಿಣಾಮ, ಒಂದೇ ಗಾಳಿಯನ್ನು ತಣಿಸಿ ಬಿಸಿ ಮಾಡುವ ಕೆಲಸ. ಸರಾಸರಿ 12 ಕಿಲೋವ್ಯಾಟ್ ಹೀಟರ್ 2,750 ಗಂಟೆಗೆ 33,000. ಆ ಶಾಖವನ್ನು ಹೊರಗೆ ಹಾಕಲು ಚಿಲ್ಲರಿಗೆ ಇನ್ನೂ 8,250. ಉಳಿದ 54 ಸಾವಿರ ಯೂನಿಟ್ ಬೆಳಗಿನ ಬೇಗನೆಯ ಚಾಲನೆ, ರಾತ್ರಿ ಒಳಬಂದ ಹೊರಗಾಳಿ, ಗೋಡೆ-ಕಿಟಕಿಗಳ ಸಂದು ಇವುಗಳ ನಡುವೆ ಹಂಚಿಹೋಗಿದೆ; ಅದನ್ನು ಬಿಡಿಸಲು ಆಗಿಲ್ಲ. ಒಳಗಿನ ಶಾಖವೇ ಹೆಚ್ಚಿರುವ ಕಚೇರಿಯಲ್ಲಿ ಗೋಡೆಯ ಪಾಲು ಚಿಕ್ಕದು. ಮನೆಗಳಲ್ಲಿ ಹಾಗಲ್ಲ: ಅಲ್ಲಿ ನಿರೋಧಕದ ಸಂದುಗಳೂ ಗಾಳಿಯ ಸೋರಿಕೆಯೂ ಮೊದಲ ಸಾಲಿನ ಆರೋಪಿಗಳು, 50 ಪಾಸ್ಕಲ್ ಒತ್ತಡದ ಸೋರಿಕೆ ಪರೀಕ್ಷೆಯೇ ಮೊದಲ ಹೆಜ್ಜೆ.

ದುರಸ್ತಿ, ಮಾಡಿದ ಕ್ರಮದಲ್ಲಿ

ಖರ್ಚಿಲ್ಲದ್ದು ಮೊದಲು. ಒತ್ತಡದ ಸೆನ್ಸರಿಗೆ ವೈರು ಎಳೆದು ಡ್ರೈವನ್ನು ಆಟೋಗೆ ತಂದದ್ದರಿಂದ 94 ಸಾವಿರ ಯೂನಿಟ್. ಬೆಂಕಿ ಡ್ಯಾಂಪರ್ ತೆರೆದ ನಂತರವೇ (ಈ ಕ್ರಮ ತಪ್ಪಿದರೆ ಮೂಲೆಕೋಣೆಯವರ ದೂರು ಮರುದಿನವೇ ಬಂದು ಎಲ್ಲ ಹಿಂದಕ್ಕೆ ಹೋಗುತ್ತದೆ) ಒತ್ತಡದ ಗುರಿ ಇಳಿಸಿ, ಚಾಲನೆಯನ್ನು 3,000 ಗಂಟೆಗೆ ತಂದದ್ದರಿಂದ 62 ಸಾವಿರ. ಬೈಪಾಸ್ ಮುಚ್ಚಿ, ಗಾಳಿಯ ಗುರಿ 12ಕ್ಕೆ ಏರಿಸಿ, ಎರಡನೆಯ ಚಿಲ್ಲರ್ ಹಾಕುವ ಮೊದಲು ಮರಳುವ ನೀರಿನ ತಾಪ ನೋಡಬೇಕೆಂಬ ನಿಯಮ ಬರೆದದ್ದರಿಂದ 60 ಸಾವಿರ. ಹೀಟರು 21ಕ್ಕೆ, ತಂಪು 25ಕ್ಕೆ ಬೇರ್ಪಡಿಸಿದ್ದರಿಂದ 35 ಸಾವಿರ. ಬೆಳಕಿನ ಸೆನ್ಸರುಗಳನ್ನು ಹೊಂದಿಸಿ, ವಲಯ ಒಡೆದದ್ದರಿಂದ 60 ಸಾವಿರ. ರಾತ್ರಿಯ ಪ್ಲಗ್ ಬಳಕೆ 3.5ರಿಂದ 2 ವ್ಯಾಟಿಗೆ ಇಳಿದದ್ದರಿಂದ 63 ಸಾವಿರ. ಸರ್ವರುಗಳೊಳಗೆ ಹೋಗುವ ಗಾಳಿಗೆ ಅಮೆರಿಕದ ಆಶ್ರೇ ಸಂಸ್ಥೆ ಶಿಫಾರಸು ಮಾಡುವ ವ್ಯಾಪ್ತಿ 18ರಿಂದ 27 ಡಿಗ್ರಿ. ಅದರ ಕೆಳತುದಿಯಲ್ಲಿ ಕೂತಿದ್ದ ಕೋಣೆಯನ್ನು ಮೇಲಕ್ಕೆ ತಂದು, ಬಿಸಿಗಾಳಿ ತಂಪುಗಾಳಿಗೆ ಬೆರೆಯದಂತೆ ಮರೆ ಕಟ್ಟಿದ್ದರಿಂದ 26 ಸಾವಿರ. ಒಟ್ಟು 4 ಲಕ್ಷ. ಬಳಕೆ 13.8 ಲಕ್ಷಕ್ಕೆ ಬರುತ್ತದೆ.

88ರ ಎದುರು 138 ಇನ್ನೂ ದೂರವೇ. ಆದರೆ ಸರಿಯಾದ ಹೋಲಿಕೆ ಈಗ ಸಾಧ್ಯ. ಹಳೆಯ 8.8 ಲಕ್ಷಕ್ಕೆ ಬಿಟ್ಟುಹೋದ ಬಳಕೆ (ಸುಧಾರಿಸಿದ ಸರ್ವರ್ ಕೋಣೆ ಸಹಿತ) 2.68 ಲಕ್ಷವನ್ನೂ, ನಿಜವಾದ ಪ್ಲಗ್ ಬಳಕೆಯ ಹೆಚ್ಚಳ 1.03 ಲಕ್ಷವನ್ನೂ ಸೇರಿಸಿದರೆ ಪ್ರಾಮಾಣಿಕ ಮುನ್ನಂದಾಜು 12.5 ಲಕ್ಷ. ಅಂತರ ಸುಮಾರು ಶೇ. 10. ಸಿಮ್ಯುಲೇಷನ್ನಿಗೆ ಈ ಹೊಸ ವೇಳಾಪಟ್ಟಿ ತುಂಬಿ, ತಿಂಗಳು ತಿಂಗಳು ಮೀಟರಿಗೆ ತಾಳೆ ಹಾಕಬೇಕು. ಆಶ್ರೇಯ 14ನೆಯ ಮಾರ್ಗದರ್ಶಿ ತಿಂಗಳ ದತ್ತಾಂಶಕ್ಕೆ ಇಟ್ಟಿರುವ ಮಿತಿ: ಒಟ್ಟಾರೆ ವಾಲು ಶೇ. 5ರ ಒಳಗೆ, ತಿಂಗಳುಗಳ ಚದುರುವಿಕೆ ಶೇ. 15ರ ಒಳಗೆ. ವರ್ಷದ ಮೊತ್ತ ಹೊಂದಿದರೆ ಸಾಲದು. ಬೇಸಿಗೆಯ ತಪ್ಪನ್ನು ಚಳಿಗಾಲದ ತಪ್ಪು ಸರಿದೂಗಿಸಿ ಮೊತ್ತ ಚೆನ್ನಾಗಿ ಕಾಣಿಸಬಹುದು.

ದುರಸ್ತಿಯಾದ ಮೇಲೆ ರಾತ್ರಿಯ ರೇಖೆ 78ರಿಂದ 53 ಕಿಲೋವ್ಯಾಟಿಗೆ ಇಳಿದಿದೆ. ಸರ್ವರ್ ಕೋಣೆ 25, ಪ್ಲಗ್ಗು 14, ಹೊರದೀಪ 6. ಉಳಿದ 8 ಕಿಲೋವ್ಯಾಟ್ ಮೊದಲ ರಾತ್ರಿಯಂತೆಯೇ ಇನ್ನೂ ಗುರುತಿಲ್ಲದೆ ಇದೆ. ಅನುಮಾನ ಇರುವುದು ಯುಪಿಎಸ್‌ಗಳ ಒಳನಷ್ಟ, ಕಂಪ್ರೆಸರಿನ ಎಣ್ಣೆ ಬೆಚ್ಚಗಿಡುವ ಹೀಟರು, ಲಿಫ್ಟಿನ ನಿಯಂತ್ರಣ ಪೆಟ್ಟಿಗೆ ಇವುಗಳ ಮೇಲೆ. ವರ್ಷಕ್ಕೆ 70 ಸಾವಿರ ಯೂನಿಟ್ ತಿನ್ನುವ ಅದನ್ನು ಪಾಲು ಮಾಡಲು ಬ್ರೇಕರುಗಳನ್ನು ಒಂದೊಂದಾಗಿ ಇಳಿಸಿ ನೋಡುವ ಇನ್ನೊಂದು ಶನಿವಾರ ರಾತ್ರಿಯ ಸುತ್ತು ಬೇಕು.